ಆಳಂದದ ಜವಾರಿ, ಜೇವರ್ಗಿಯ ಜವಾರಿ

ಬೆಳೆ ಮಾಹಿತಿಯನ್ನೆಲ್ಲ ಒಂದೇ ತಂತ್ರಾಂಶಕ್ಕೆ ಸೇರಿಸಿದ ಅಧಿಕಾರಿಗಳೇ,

ನಿಮ್ಮ ತಂತ್ರಾಂಶ ನಮ್ಮ ಜೇವರ್ಗಿ ತಾಲ್ಲೂಕಿನ ಅಂದೋಲಾ ಊರಿನ ನಿಂಬೆವ್ವನ ತೊಗರಿಯನ್ನು ಜೋಳ ಮಾಡಿದೆ. ಹಾಗಾಗಿ ತೊಗರಿ ಬೀಜಮೇಳದಲ್ಲಿ ಆಕೆಗೆ ಮಳಿಗೆಯಿಲ್ಲವಂತೆ. ಇದು ದೂರು. ಹೊಟ್ಟೆಕಿಚ್ಚೂ ಇದೆ, ಮುಚ್ಚಿಡುವುದಿಲ್ಲ.

ನಾನು ಜೇವರ್ಗಿಯಲ್ಲಿ ಬೀಜದಂಗಡಿ ಇಟ್ಟವನು. ನನ್ನೊಂದಿಗೇ ವ್ಯಾಪಾರ ಕಲಿತ ವಿಠ್ಠಲನ ಅಂಗಡಿ ಆಳಂದದಲ್ಲಿದೆ. ಪಹಣಿ, ಬೆಳೆ ಸಮೀಕ್ಷೆ, ಮಳೆ, ಮಾರುಕಟ್ಟೆ ಧಾರಣೆ ಎಂದು ನಾನು ಕಚೇರಿ ಕಚೇರಿ ಅಲೆದು ತಿಳಿಯುವುದನ್ನು ಅವನು ಚಹಾ ಆರುವುದರೊಳಗೆ ಒಂದೇ ಪರದೆಯಲ್ಲಿ ನೋಡುತ್ತಾನೆ. ನಮ್ಮ ತಾಲ್ಲೂಕಿನ ಮಾಹಿತಿಯನ್ನೂ ಅದರೊಳಗೆ ಸುರಿದುಕೊಂಡಿರಿ. ನೋಡುವ ಭಾಗ್ಯ ಮಾತ್ರ ಆಳಂದ, ಅಫಜಲಪುರದ ಅಂಗಡಿಗಳಿಗೆ! ನಮಗೇನು ಕಣ್ಣಿಲ್ಲವೇ? ಈಗ ನನ್ನ ಗಿರಾಕಿಗಳೇ ಆಳಂದಕ್ಕೆ ಫೋನ್ ಮಾಡುತ್ತಾರೆ. “ಏ ಕಲ್ಯಾಣ, ನಿಮ್ಮ ಅಂದೋಲಾದಾಗ ಮಳಿ ಬಂದದಲೇ. ನಿನಗ ಗೊತ್ತಾತೇನು?” ಎಂದು ವಿಠ್ಠಲ ಕೆಣಕುತ್ತಾನೆ.

ಹೋಗಲಿ, ಸೇರಿಸಿದ್ದನ್ನಾದರೂ ನೆಟ್ಟಗೆ ಸೇರಿಸಿದಿರಾ? ಆಳಂದ ಮರಾಠಿ ಸೀಮೆಗೆ ಅಂಟಿದ ತಾಲ್ಲೂಕು. ಅಲ್ಲಿನ ಎಷ್ಟೋ ಊರುಗಳಲ್ಲಿ ಜವಾರಿ ಎಂದರೆ ಜೋಳ. ನಮ್ಮಲ್ಲಿ ಜವಾರಿ ಎಂದರೆ ನಾಟಿ ತಳಿ: ಜವಾರಿ ಸೌತೆ, ಜವಾರಿ ಕೋಳಿ. ಸಮೀಕ್ಷೆಯವರು ಬೀಜ ಯಾವುದೆಂದು ಕೇಳಿದಾಗ ನಿಂಬೆವ್ವ “ಜವಾರಿ ಅದರಿ” ಎಂದಳು. ಸುತ್ತ ತೊಗರಿಯೇ ನಿಂತಿರುವಾಗ ತೊಗರಿ ಎಂದು ಬೇರೆ ಹೇಳಬೇಕೇ? ಅವರು ಅಷ್ಟನ್ನೇ ಬರೆದರು. ಆಳಂದದಲ್ಲಿ ಓದು ಕಲಿತ ನಿಮ್ಮ ತಂತ್ರಾಂಶ ಅದನ್ನು ಜೋಳದ ಸಾಲಿಗೆ ಹಾಕಿತು.

ಆಕೆ ನನ್ನ ಅಂಗಡಿಗೆ ಬಂದು ಕೇಳಿದಳು: “ಅಣ್ಣಾ, ನಾ ರಾಶಿ ಮಾಡಿದ್ದು ತೊಗರಿ. ಇವರ ಕಂಪ್ಯೂಟರಿನ್ಯಾಗ ಜ್ವಾಳ ಹ್ಯಾಂಗ ಹುಟ್ತರಿ?” ನಿಮ್ಮ ಮೇಳದವರನ್ನು ವಿಚಾರಿಸಿದೆ. “ಪರದೆ ಮ್ಯಾಲ ಇದ್ದದ್ದೇ ಖರೇರಿ” ಎಂದರು. ಆಕೆಯ ಅತ್ತೆ ಜತನ ಮಾಡಿಟ್ಟ ತಳಿ ಅದು. ಈಗ ಉಳಿದಿರುವುದು ಆಕೆಯೊಬ್ಬಳ ಹೊಲದಲ್ಲಿ. ಈ ಮೃಗಶಿರ ಮಳೆಯ ಬಿತ್ತನೆಗೆ ಆ ಬೀಜ ಬೇರೆಯವರ ಹೊಲಕ್ಕೂ ಬೀಳದಿದ್ದರೆ, ಒಂದು ಹುಳದ ಕಾಟಕ್ಕೆ ಮುಗಿದುಹೋಗುತ್ತದೆ. ವಿಠ್ಠಲನ ಕಂಪನಿ ಬೀಜಕ್ಕೆ ಮಾತ್ರ ಮೇಳದ ಬಾಗಿಲಲ್ಲೇ ಮಳಿಗೆ.

ಆದ್ದರಿಂದ ಮೇಳಕ್ಕೆ ಮೊದಲೇ ನಿಂಬೆವ್ವನ ತೊಗರಿಯನ್ನು ತೊಗರಿ ಎಂದು ತಿದ್ದಿರಿ. ಊರೂರಿನ ಮಾತಿನ ಅರ್ಥವನ್ನು ಆಯಾ ಊರಿನವರಿಂದ ಕೇಳಿ ತಂತ್ರಾಂಶಕ್ಕೆ ಕಲಿಸಿರಿ. ಮೇಳದಲ್ಲಿ ಜಾಗವಿಲ್ಲವೆನ್ನಬೇಡಿ, ಆಕೆಗೆ ವಿಠ್ಠಲನ ಮಗ್ಗುಲಲ್ಲೇ ಒಂದು ಮೇಜು ಸಾಕು. ಆಕೆಯ ಮುಂದೆ ನಿಂತ ಜನರನ್ನು ಎಣಿಸುತ್ತ ಅವನ ಹೊಟ್ಟೆಯೂ ಒಂದು ದಿನ ಉರಿಯಲಿ.

ಇಂತಿ,
ನಿಮ್ಮ ಪರದೆಯ ಹೊರಗೆ ನಿಂತು ಇಣುಕುತ್ತಿರುವ
ಕಲ್ಯಾಣಕುಮಾರ, ಜೇವರ್ಗಿ