ಅಮ್ಮನ ಉಗುರುಬಣ್ಣ

ಅಪ್ಪ,

ನಿನ್ನನ್ನು ಕೇಳಿ ಮುಟ್ಟಬೇಕಿತ್ತೇನೋ, ಈಗಲೂ ತಿಳಿಯುತ್ತಿಲ್ಲ.

“ಕಾರಿನ ಪ್ಲಗ್ಗೇ ಹೋಗಿರೋದು ಕಣೋ ಯಾದಿಯೆಲ್, ಪದವಿ ತಗೊಂಡೋನಿಗೆ ಅದೆಲ್ಲಿ ಗೊತ್ತಾಗ್ಬೇಕು” ಅಂದೆಯಲ್ಲ, ಪ್ಲಗ್ ಸರಿಯಾಗಿದೆ. ಕಂಬಳಿ ಹೊದ್ದು ಕತ್ತಲು ಮಾಡಿಕೊಂಡು ಓಡುತ್ತಿದ್ದ ಎಂಜಿನ್ ನೋಡಿದೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳದ ಹಳೆಯ ಬಿರುಕಿನಲ್ಲಿ ಕಿಡಿ ಹರಿಯುತ್ತಿತ್ತು. ಎಂಜಿನ್ ಮುಗ್ಗರಿಸುವ ಈ ಮಿಸ್ಸಿಂಗ್ ಅದರಿಂದಲೇ.

ಹೊಸ ಮುಚ್ಚಳ ಕೊಹಿಮಾರ್‌ನಲ್ಲಿ ಎಲ್ಲೂ ಸಿಗಲಿಲ್ಲ. ಹವಾನಾಗೆ ಜನರನ್ನು ಕರೆದೊಯ್ಯುವ ಬಾಡಿಗೆ ತಪ್ಪಿದರೆ ನೀನು ಊಟ ಬಿಡುತ್ತೀಯ. ಅದಕ್ಕೇ, ಹಿಂದೆ ನೀನು ಮಾಡುತ್ತಿದ್ದಂತೆ, ಬಿರುಕಿಗೆ ಅಮ್ಮನ ಉಗುರುಬಣ್ಣ ಬಳಿದೆ. ಉಳಿದಿದ್ದಷ್ಟೂ ಮುಗಿಯಿತು. ಒಣಗುವ ತನಕ ಕಾರು ಶುರು ಮಾಡಬೇಡ. ಕಾಫಿ ಒಲೆಯ ಮೇಲಿದೆ.

ಖಾಲಿ ಬಾಟಲಿ ಕನ್ನಡಿಯ ಪಕ್ಕದಲ್ಲೇ ಇದೆ, ಅವಳು ತೀರಿಕೊಂಡಾಗಿನಿಂದ ಇದ್ದಲ್ಲೇ. ನೀನು ದಿನಾ ಬಿರಡೆ ತೆಗೆದು ಮೂಸುವುದು ನನಗೆ ಗೊತ್ತು. ನೀನು ಹೊರಟ ಮೇಲೆ ನಾನೂ ಮೂಸುತ್ತಿದ್ದೆ. ಅದನ್ನು ನಿನಗೆ ಎಂದೂ ಹೇಳಲಿಲ್ಲ.