ಕುಣಿಗಲ್ ಬೀಗಿತ್ತಿ ಒಂದನೇ ನಂಬರು

ತುಮಕೂರು
೧೧-೬-೧೯೮೬

ಚಿ. ಸೌ. ಸಿದ್ದಗಂಗೆಗೆ,

ನಿನಗೂ ಮಗುವಿಗೂ ನನ್ನ ಆಶೀರ್ವಾದಗಳು. ಕುಣಿಗಲ್ಲಿನ ತವರಲ್ಲಿ ಬಾಣಂತಿ ನೀನು, ನಿದ್ದೆಗೆಟ್ಟುಕೊಂಡೇ ಎರಡು ಕಾಗದ ಬರೆದೆ. ಕೈಕಾಲು ನೆಟ್ಟಗಿರುವ ನಾನು ಒಂದಕ್ಕೂ ಉತ್ತರ ಕೊಡಲಿಲ್ಲ. ಕೆಲಸ ಇತ್ತು ಅಂತ ಸುಳ್ಳು ಹೇಳಲಾರೆ. ನಾಚಿಕೆ ಕಣೇ. ನಿನ್ನ ಕಾಗದದಲ್ಲಿ ಮಗುವಿನ ಸಮಾಚಾರ ಬಿಟ್ಟರೆ ನನಗೆ ಅಂತ ಒಂದು ಮಾತೂ ಇರಲಿಲ್ಲ, ಅದು ನ್ಯಾಯವೇ.

ಮಂಡಿಪೇಟೆಯ ರಾಮಾಂಜಿನಯ್ಯ ಗೊತ್ತಲ್ಲ, ಕ್ಯಾಸೆಟ್ ಅಂಗಡಿಯವನು. ಪ್ರತಿ ಸೋಮವಾರ ಅಂಗಡಿ ಮುಂದೆ ಕರಿಹಲಗೆ ಇಟ್ಟು, ಆ ವಾರ ಹೆಚ್ಚು ಖರ್ಚಾದ ಹಾಡುಗಳನ್ನು ನಂಬರು ಹಾಕಿ ಬರೆಯುತ್ತಾನೆ. ನನ್ನ 'ಕುಣಿಗಲ್ ಬೀಗಿತ್ತಿ' ಒಂಬತ್ತಕ್ಕೆ ಬಂತು, ಆಮೇಲೆ ನಾಲ್ಕಕ್ಕೆ. ಮೊನ್ನೆ ಒಂದಕ್ಕೆ ಹತ್ತಿ ಕೂತಿದೆ.

ಮೊದಲ ಹಾಡು 'ಬೀಗರ ಬಸ್ಸು' ಗುಬ್ಬಿಯವರನ್ನೂ ತುಮಕೂರಿನವರನ್ನೂ ಕುಣಿಸಿತ್ತು. ಅದರಲ್ಲಿದ್ದ ಬೀಗರೆಲ್ಲ ನನ್ನ ತಲೆಯೊಳಗೆ ಹುಟ್ಟಿದವರು. ಎರಡನೆಯದು ಅದನ್ನು ಮೀರಿಸದಿದ್ದರೆ ಗಿಟಾರು ಮೂಲೆಗಿಟ್ಟು ಊರಿಗೆ ಹೋಗು ಅಂದಿದ್ದ ಕ್ಯಾಸೆಟ್ ಕಂಪನಿಯವನು. ಹೆದರಿಬಿಟ್ಟೆ. ಆಗ ನೆನಪಾಗಿದ್ದು ನೀನು ಮದುವೆಯಾದ ಹೊಸದರಲ್ಲಿ ನಗುತ್ತಾ ಹೇಳಿದ್ದು: ಹಬ್ಬದ ದಿನ ನಿಮ್ಮವ್ವ ಬಾಗಿಲ ಹಿಂದೆ ನಿಂತು ಹೋಳಿಗೆ ತಿನ್ನುತ್ತಿದ್ದರು, ಮಕ್ಕಳು ನೀವು ಬಂದರೆ ಗಬಕ್ಕನೆ ನುಂಗಿ ಬಾಯಿ ಒರೆಸಿಕೊಳ್ಳುತ್ತಿದ್ದರು ಅಂತ. ಮುರಿದ ಚೂರಷ್ಟೇ ಅವರ ಪಾಲಿಗೆ ಉಳಿಯುತ್ತಿದ್ದದ್ದು, ಮಕ್ಕಳು ಕಂಡರೆ ಅದನ್ನೂ ಕೊಡಬೇಕಾಗುತ್ತಿತ್ತು ಅಂತಲೂ ನೀನೇ ಹೇಳಿದ್ದೆ. ಹೇಳಿ ಕಣ್ಣು ಒರೆಸಿಕೊಂಡಿದ್ದೆ. ನಾನು ನಗು ಬರುವಷ್ಟನ್ನು ಹಾಡಿಗೆ ತಗೊಂಡೆ, ಉಳಿದದ್ದನ್ನು ಬಿಟ್ಟೆ.

ಮದುವೆಮನೆಯಲ್ಲಿ ಬೀಗರನ್ನು ಹಾಡಿ ಆಡಿಕೊಳ್ಳುವುದು ನಮ್ಮಲ್ಲಿ ಇದ್ದದ್ದೇ ತಾನೇ ಅಂದುಕೊಂಡಿದ್ದೆ. ಹಾಡು ಕೇಳಿ ನಮ್ಮವ್ವ ಉಗಿದಳು. "ಮದ್ವೆ ಮನೇಲಿ ಅಂದಿದ್ದು ಚಪ್ಪರ ಬಿಚ್ಚಿದ್ಮೇಲೆ ಯಾರೂ ಮನಸ್ಸಲ್ಲಿ ಇಟ್ಕೊಳಲ್ಲ ಕಣ್ಲಾ. ನೀನು ಆವಮ್ಮನ್ನ ಬಸ್ಸು ಬಸ್ಸಿಗೂ ಹತ್ತಿಸಿಬುಟ್ಟಲ್ಲೋ!" ಅಂದಳು.

ಸೋಮವಾರ ಅಂಗಡಿಗೆ ಹೋಗಿ, ಹಲಗೆ ಮೇಲಿದ್ದ ಹಾಡಿನ ಹೆಸರನ್ನು ಅಂಗೈಯಲ್ಲಿ ಒರೆಸಿಬಿಟ್ಟೆ. ರಾಮಾಂಜಿನಯ್ಯ ಓಡಿಬಂದ. "ಏನ್ಲಾ ಷಡಕ್ಷರಿ, ತಲೆಗಿಲೆ ಕೆಟ್ಟೈತಾ? ಜನ ಕ್ಯೂ ನಿಂತವ್ರೆ, ಎಲ್ಲಾ ನಿಮ್ಮತ್ತೆ ಪುಣ್ಯ!" ಅಂತ ನಕ್ಕು ಮತ್ತೆ ಬರೆದ, ಮೊದಲಿಗಿಂತ ದಪ್ಪಕ್ಷರದಲ್ಲಿ. ಕಂಪನಿಯವನಿಗೆ ಹಾಡು ನಿಲ್ಲಿಸಿ ಅಂದೆ. "ಓಡೋ ಕುದುರೆ ಯಾರ್ರೀ ಕಟ್ಟಾಕ್ತಾರೆ, ಮೂರನೇದು ಬರೀರಿ" ಅಂದ. ಬರೆಯುವುದಿಲ್ಲ ಅಂದು ಬಂದೆ. ಆದರೆ ಆಗಲೇ ಹೋದ ಕ್ಯಾಸೆಟ್ಟುಗಳನ್ನು ಯಾವ ಬಾಯಿಂದ ವಾಪಸ್ಸು ಕರೆಯಲಿ?

"ಇನ್ಮೇಲೆ ನಿಮ್ಮ ಹತ್ರ ಏನ್ ಹೇಳ್ಕೊಳೋಕೂ ಭಯ ಆಗುತ್ತೆ" ಅಂದೆಯಲ್ಲ ನಾಮಕರಣದ ದಿನ, ಆ ಭಯ ಹುಟ್ಟಿಸಿದವನು ನಾನೇ. ನಿನಗೆ ಮನಸ್ಸಾದಾಗ ಬಾ. ಬರಲೇಬೇಕು ಅನ್ನುವ ಹಕ್ಕು ನನಗಿಲ್ಲ. ಅತ್ತೆಯವರಿಗೆ ನಮಸ್ಕಾರ ತಿಳಿಸು ಅಂತ ಬರೆಯಲೂ ಕೈ ಏಳುತ್ತಿಲ್ಲ. ಮಗುವಿನ ನೆತ್ತಿಗೆ ಎಣ್ಣೆ ಮರೆಯಬೇಡ. ಸಿದ್ದಲಿಂಗೇಶ್ವರ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ,
ಷಡಕ್ಷರಿ

ತಾ.ಕ.: ಇದು ನಿನಗೆ ಗೊತ್ತಿಲ್ಲ. ನಾಮಕರಣದ ದಿನ ನೀನು ಕೋಣೆಯಲ್ಲಿ ಮಗುವಿಗೆ ಹಾಲು ಕುಡಿಸುತ್ತಿದ್ದೆ. ಎಲ್ಲರ ಊಟ ಮುಗಿದ ಮೇಲೆ ನಿಮ್ಮವ್ವ ಅಡುಗೆಮನೆಯಲ್ಲಿ ತಟ್ಟೆ ಮುಂದೆ ಕೂತಿದ್ದರು. ನನ್ನನ್ನು ಕಂಡದ್ದೇ ತಟ್ಟೆ ಎತ್ತಿಕೊಂಡು ಬಂದು ನಡುಮನೆಯಲ್ಲಿ, ನಂಟರೆಲ್ಲರ ನಡುವೆ ಕೂತರು. "ನೋಡಿ ಅಳಿಯಂದ್ರೇ, ಎಲ್ರಿಗೂ ಕಾಣೋ ಹಂಗೇ ತಿಂತಾ ಇದೀನಿ" ಅಂದರು. ನಂಟರು ನಕ್ಕರು. ಅವರು ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡರು, ನುಂಗಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಎದ್ದು ಹೋದರು.