ಗುಣವಾದವರ ಪಟ್ಟಿ

ಮಾರ್ಚ್ ೯, ಸೋಮವಾರ

ತಂಗಿಯ ಗಂಡನನ್ನು ಮಣ್ಣು ಮಾಡಿ ಬಂದೆ. ಜ್ವರದ ವಾರ್ಡಿನಿಂದ ಅವನನ್ನು ಮನೆಗೆ ಕಳಿಸಿ ನಾಲ್ಕೇ ದಿನ. ಹೊಸ ಔಷಧಿ ತೆಗೆದುಕೊಂಡು ಉಸಿರಾಡುತ್ತ ಗೇಟು ದಾಟಿದವರೆಲ್ಲ ಗುಣವಾದವರು ಎಂಬುದು ನಮ್ಮ ಆಸ್ಪತ್ರೆಯ ಲೆಕ್ಕ. ಆ ಪಟ್ಟಿಗೆ ಅವನ ಹೆಸರನ್ನು ಗುಮಾಸ್ತನಾದ ನಾನೇ ಸೇರಿಸಿದ್ದೆ.

"ಅವರಿಗೆ ವಾಸಿಯಾಗಿದೆ ಅಂತ ನೀನೇ ತಾನೇ ಹೇಳಿದ್ದು, ಅಣ್ಣಾ?" ಎಂದಳು ತಂಗಿ.

ಹೆಸರು ತೆಗೆಯಲೇ ಎಂದು ದೊಡ್ಡ ಡಾಕ್ಟರನ್ನು ಕೇಳಿದೆ. "ಗೇಟು ದಾಟಿದವರ ಉಸಾಬರಿ ನಮಗ್ಯಾಕಯ್ಯಾ? ಹೊಸ ಔಷಧಿ ಗೆದ್ದಿದೆ. ಗುರುವಾರ ವರದಿ ಅಚ್ಚಿಗೆ ಹೋಗ್ಬೇಕು," ಎಂದರು.

ಪಟ್ಟಿಯಲ್ಲಿ ಇನ್ನೂರ ಹನ್ನೊಂದು ಹೆಸರುಗಳಿವೆ. ಅವರೆಲ್ಲ ಬದುಕಿದ್ದಾರೆಯೇ ಎಂದು ಈವರೆಗೆ ಯಾರೂ ವಿಚಾರಿಸಿಲ್ಲ. ವಿಳಾಸಗಳನ್ನು ಬರೆದುಕೊಂಡಿದ್ದೇನೆ. ನಾಳೆ ಮೊದಲ ಮನೆಯ ಕದ ತಟ್ಟಿ ಏನೆಂದು ಕೇಳಲಿ? ನಿಮ್ಮ ಮನೆಯವರು ಇನ್ನೂ...